ಒಂಟೆಯನ್ನು ಹತ್ತಿರಕ್ಕೆ ತಂದ ಲೆನ್ಸು

ನನ್ನ ಕಪಾಟಿನ ಮೇಲಿನ ಅರೆಯಲ್ಲಿ ಒಂದು ಹಳೆಯ ಜೂಮ್ ಲೆನ್ಸು ಇದೆ. ಅದನ್ನು ಗಾಜು ಮೇಲಾಗುವಂತೆ ನಿಲ್ಲಿಸಿದರೆ, ಅದರ ಸೊಂಟದ ಸುತ್ತ ಇರುವ ದಪ್ಪ ರಬ್ಬರು ಬಳೆ ಯಾರೂ ಮುಟ್ಟದೆ ಮೆಲ್ಲನೆ ಕೆಳಕ್ಕೆ ಜಾರುತ್ತದೆ. ಅವಸರವಿಲ್ಲ, ಸದ್ದಿಲ್ಲ, ಮದುವೆಯ ಊಟ ಮುಗಿಸಿ ಎದ್ದವರ ಪಂಚೆ, ಉಟ್ಟವರಿಗೂ ಕೊನೆಯ ಗಳಿಗೆಯವರೆಗೆ ತಿಳಿಯದಂತೆ ಜಾರುತ್ತದಲ್ಲ, ಹಾಗೆ. ನೋಡುವವರಿಗೆ ಇದು ಒಂದು ಕ್ಷುಲ್ಲಕ ಯಂತ್ರದೋಷ. ಆದರೆ ಇದೇ ಬಳೆ ಇದೇ ರೀತಿ ಜಾರಿದ್ದರಿಂದ, ಎಂಬತ್ತರ ದಶಕದ ನಡುವೆ, ಮಸ್ಕತ್ತಿನಲ್ಲಿ ಒಬ್ಬ ಸಂಭಾವಿತ ಟೈಪಿಸ್ಟು ಊರಿನವರ ಕಣ್ಣಲ್ಲಿ ಒಂಟೆ ಕಾಯುವವನಾಗಿ, ಅವನ ಮದುವೆ ಮುರಿದುಬೀಳುವುದರಲ್ಲಿತ್ತು. ಆ ಹಗರಣಕ್ಕೆ ನಾನೊಬ್ಬನೇ ಪ್ರತ್ಯಕ್ಷದರ್ಶಿ.

ಪ್ರತ್ಯಕ್ಷದರ್ಶಿ ಎಂಬ ಮಾತನ್ನು ಬರೆಯುವಾಗ ಈಗಲೂ ಒಮ್ಮೆ ಹೊಡೆದುಹಾಕಿ ಮತ್ತೆ ಬರೆಯುತ್ತೇನೆ. ಆ ಘಟನೆಯಾದ ಮೇಲೆ ನಾನು ಎಚ್ಚರದ ಮನುಷ್ಯನಾಗಿದ್ದೇನೆ. ಯಾರಾದರೂ 'ಕಣ್ಣಾರೆ ಕಂಡೆ' ಎಂದರೆ, ಎಡಗಣ್ಣಾರೆಯೋ ಬಲಗಣ್ಣಾರೆಯೋ, ಇನ್ನೊಂದು ಕಣ್ಣು ಆಗ ಏನು ಮಾಡುತ್ತಿತ್ತು ಎಂದು ವಿಚಾರಿಸಬೇಕೆನಿಸುತ್ತದೆ. ಆದ್ದರಿಂದ ಓದುಗರೇ, ಕಂಡದ್ದನ್ನು ಕಂಡಷ್ಟೇ, ಕೇಳಿದ್ದನ್ನು ಕೇಳಿದಷ್ಟೇ ಹೇಳುತ್ತೇನೆ. ಒಂದು ತಿದ್ದುಪಡಿಯನ್ನು ಮೊದಲೇ ಒಪ್ಪಿಸಿಬಿಡುವೆ: ನಾವೆಲ್ಲ ತುಳುವಿನಲ್ಲಿ ಮಾತಾಡಿದ್ದನ್ನು ಇಲ್ಲಿ ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ. ಬೈಗುಳಗಳ ಸ್ವಾರಸ್ಯ ಅಷ್ಟರಮಟ್ಟಿಗೆ ಕಡಿಮೆಯಾಗಿದ್ದರೆ ಅದು ಸಾಕ್ಷಿಯ ದೋಷವಲ್ಲ.

ಹಳೆಯ ಲೆನ್ಸಿನ ಜಾತಕವನ್ನು ಅದರ ಹಣೆಯಲ್ಲೇ ಬರೆದಿರುತ್ತಾರೆ. ಎದುರಿನ ಗಾಜನ್ನು ಬಳಸಿಕೊಂಡು ಸಣ್ಣ ಬಿಳಿಯ ಅಕ್ಷರಗಳಲ್ಲಿ ತಯಾರಿಸಿದವರ ಹೆಸರು, ಎಪ್ಪತ್ತರಿಂದ ಇನ್ನೂರ ಹತ್ತು ಎಂಬಂಥ ಅದರ ನೋಟದ ಅಳತೆ, ಎಷ್ಟು ಬೆಳಕನ್ನು ಒಳಗೆ ಬಿಟ್ಟೀತೆಂಬ ಅನುಪಾತ, ಮುಂದೆ ಹಾಕುವ ಫಿಲ್ಟರಿನ ವ್ಯಾಸ, ಹುಟ್ಟಿದಾಗ ಕೊಟ್ಟ ಕ್ರಮಸಂಖ್ಯೆ. ಓದಬೇಕಾದರೆ ಲೆನ್ಸನ್ನು ತಿರುಗಿಸುತ್ತಾ ಹೋಗಬೇಕು, ಇಲ್ಲವೇ ಕುತ್ತಿಗೆಯನ್ನು. ಆಮೇಲೆ ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಹಿಡಿದಿದೆಯೇ ನೋಡಬೇಕು; ಬೆಳಕನ್ನು ಹಿಗ್ಗಿಸಿ ಕುಗ್ಗಿಸುವ ತೆಳ್ಳನೆಯ ಎಸಳುಗಳಿಗೆ ಎಣ್ಣೆ ಇಳಿದಿದೆಯೇ ನೋಡಬೇಕು; ಹಿಂಬದಿಯ ಹಲ್ಲುಗಳು ನಮ್ಮ ಕ್ಯಾಮೆರಾದ ಬಾಯಿಗೆ ಕಚ್ಚಿಕೊಳ್ಳುತ್ತವೆಯೇ ನೋಡಬೇಕು. ಇಷ್ಟನ್ನೂ ನಾನು ಮಾಡಿದೆ. ಕ್ರಮ ಮಾತ್ರ ತುಸು ವ್ಯತ್ಯಾಸವಾಯಿತು. ಮೊದಲು ಕೊಂಡೆ, ಮನೆಗೆ ತಂದ ಮೇಲೆ ನೋಡಿದೆ.

ಕೊಂಡದ್ದು ಮಸ್ಕತ್ತಿನ ಮತ್ರಾ ಸೂಕ್ ಎಂಬ ಪೇಟೆಯ ಒಳಗಲ್ಲಿಯ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ. ನಿಂತ ಗಡಿಯಾರ, ಬಾಲ ಮುರಿದ ಹಿತ್ತಾಳೆಯ ಹುಂಜ, ಒಂಟಿ ಬೂಟು ಇವುಗಳ ನಡುವೆ ಅದು ಫಿರಂಗಿಯ ಮರಿಯಂತೆ ಮಲಗಿತ್ತು. ಹಣೆಯ ಅಕ್ಷರಗಳಲ್ಲಿ ಅಳತೆಗಳು ಉಳಿದಿದ್ದವು, ತಯಾರಕರ ಹೆಸರು ಮಾತ್ರ ಸವೆದು ಹೋಗಿತ್ತು. ಕುಲಗೋತ್ರ ತಿಳಿಯದಿದ್ದರೂ ಗುಣ ನೋಡಿ ಒಪ್ಪಬೇಕೆಂಬ ಉದಾರ ಮನೋಭಾವ ನನ್ನದು. ಅಂಗಡಿಯವನು ಅದನ್ನು ಆಕಾಶಕ್ಕೆ ಎತ್ತಿಹಿಡಿದು, "ಭಾಯ್‌ಸಾಬ್, ಚಾಂದ್ ಭೀ ಪಾಸ್ ಆ ಜಾಯೇಗಾ" ಎಂದ. ಚಂದ್ರ ಹತ್ತಿರ ಬಂದು ನನಗೆ ಆಗಬೇಕಾದದ್ದೇನೂ ಇರಲಿಲ್ಲ. ಆದರೂ ಮರುಳಾದೆ. ಅವನು ಹಾಗೆ ಎತ್ತಿಹಿಡಿದಾಗಲೇ ಬಳೆ ತಾನಾಗಿ ಜಾರಿದ್ದನ್ನು ಕಂಡು, ಇದೇಕೆ ಹೀಗೆ ಎಂದು ಕೇಳಿದೆ. ಅವನು ಒಂದಿಷ್ಟೂ ತಡವರಿಸದೆ, "ಆಟೋಮ್ಯಾಟಿಕ್ ಹೈ!" ಎಂದ. ಆ ದಿನಗಳಲ್ಲಿ ಆ ಒಂದು ಪದಕ್ಕೆ ನಾವು ಎಂಥೆಂಥ ಡಬ್ಬಗಳನ್ನು ಮನೆಗೆ ಹೊತ್ತು ತಂದಿದ್ದೇವೆಂಬುದು ನೆನಪಿರುವವರು ನನ್ನನ್ನು ನೋಡಿ ನಗಲಾರರು.

ಮನೆಗೆ ತಂದು ಬೆಳಕಿಗೆ ಹಿಡಿದರೆ, ಒಳಗಾಜಿನ ಅಂಚಿನಲ್ಲಿ, ಮುಚ್ಚಳ ಸರಿಯಾಗಿ ಕೂರದ ಉಪ್ಪಿನಕಾಯಿ ಭರಣಿಯಲ್ಲಿ ಕಾಣುವಂಥ ಬೂಷ್ಟು. ಊರಿನದೇ ಏನೋ ಸಿಕ್ಕಿದ ಹಾಗಾಗಿ ನನಗೆ ಬೇಸರವಾಗಲಿಲ್ಲ. ಬೇಸರವಾದದ್ದು ಬೇರೆ ಕಾರಣಕ್ಕೆ. ಉದ್ದನೆಯ ಲೆನ್ಸು ಹಿಡಿದು ಬಾಲ್ಕನಿಯಲ್ಲಿ ನಿಂತವನನ್ನು ಯಾವ ದೇಶದಲ್ಲೂ ಸಜ್ಜನನೆಂದು ಭಾವಿಸುವುದಿಲ್ಲ. ಮಸ್ಕತ್ತಿನ ರೂವಿ ಬಡಾವಣೆಯ ನಮ್ಮ ಫ್ಲ್ಯಾಟಿನಿಂದ ನಾನು ಅದರ ಮೂಲಕ ಸಾಧಿಸಿದ ಏಕೈಕ ಶೋಧವೆಂದರೆ, ಎದುರು ಕಟ್ಟಡದ ಮಹಡಿಯಲ್ಲಿ ಒಣಗುತ್ತಿದ್ದ ಬನಿಯನ್ನು ನನ್ನದೇ ಎಂಬುದು. ಗಾಳಿಗೆ ಹಾರಿ ಹೋಗಿತ್ತೋ, ಕಾಲು ಬಂದು ಹೋಗಿತ್ತೋ ಹೇಳಲಾರೆ. ಹೋಗುವುದನ್ನು ನಾನು ಕಂಡಿಲ್ಲ.

ಆ ಫ್ಲ್ಯಾಟಿನಲ್ಲಿ ನನ್ನ ಜೊತೆ ಇದ್ದವನೇ ದಿವಾಕರ. ಪಡುಬಿದ್ರಿಯ ಕಡೆಯವನು, ಏರ್ ಕಂಡಿಶನರ್ ಮಾರುವ ಒಂದು ಕಂಪನಿಯಲ್ಲಿ ಟೈಪಿಸ್ಟು, ನನಗಿಂತ ಚಿಕ್ಕವನು. ಮಾತು ಮೆದು, ಬೆರಳು ಚುರುಕು, ಕೂದಲು ವಿರಳ. ಕೂದಲಿನ ಬಗ್ಗೆ ಅವನದೊಂದು ದೃಢವಾದ ಸಿದ್ಧಾಂತವಿತ್ತು: ಎಲ್ಲವೂ ಮಸ್ಕತ್ತಿನ ನೀರಿನಿಂದ. ಸಮುದ್ರದ ನೀರನ್ನು ಸಿಹಿ ಮಾಡಿ ನಲ್ಲಿಗೆ ಬಿಡುತ್ತಾರಲ್ಲ, ಅದರಲ್ಲಿ ಉಪ್ಪು ಹೋದರೂ ಉಪ್ಪಿನ ಸಿಟ್ಟು ಹೋಗಿರುವುದಿಲ್ಲ ಎಂದು ಅವನ ವಾದ. ಕೊಲ್ಲಿಗೆ ಬಂದು ತಲೆ ಬೋಳಾದ ಯಾವನೂ ತನ್ನ ತಂದೆಯ ತಲೆಯನ್ನು ನೆನಪಿಸಿಕೊಂಡದ್ದನ್ನು ನಾನು ಕೇಳಿಲ್ಲ.

ದಿವಾಕರನಿಗೆ ಮುಲ್ಕಿಯ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ಶಶಿಕಲಾ. ಅವಳ ಫೋಟೋ ಬಂದ ದಿನದಿಂದ ದಿವಾಕರ ಅಡುಗೆಯ ಸರದಿಯಲ್ಲಿ ಎರಡೆರಡು ಸಲ ಉಪ್ಪು ಹಾಕತೊಡಗಿದ. ಅವರ ಕಡೆಯವರು ಹುಡುಗನದೊಂದು ಫೋಟೋ ಕೇಳಿದ್ದರು. ಸ್ಟುಡಿಯೋದಲ್ಲಿ ತೆಗೆಸಿದರೆ ದೀಪದ ಬೆಳಕಿಗೆ ತಲೆ ಹೊಳೆಯುತ್ತದೆ. ಟೊಪ್ಪಿ ಹಾಕಿಕೊಂಡು ಸ್ಟುಡಿಯೋದಲ್ಲಿ ಕುಳಿತರೆ ಸಂಶಯ ಬರುತ್ತದೆ. ಬಯಲಿನಲ್ಲಾದರೆ ಬಿಸಿಲಿಗೆ ಟೊಪ್ಪಿ ಹಾಕುವುದು ಸಹಜ. ಹೀಗೆ ತರ್ಕಬದ್ಧವಾಗಿ ಯೋಚಿಸಿ ಅವನು ನನ್ನ ಹತ್ತಿರ ಬಂದ. "ಅಣ್ಣ, ನಿಮ್ಮ ಆ ದೊಡ್ಡ ಲೆನ್ಸಿನಲ್ಲಿ ತೆಗೀರಿ. ಸಿನೆಮಾದವರ ಹಾಗೆ ಬರ್ಬೇಕು."

ಒಂದು ಶುಕ್ರವಾರ ಬೆಳಿಗ್ಗೆ ಪಟ್ಟಣದಾಚೆಯ ಅಲ್ ಮಬೇಲಾದ ಕಡೆ ಹೋದೆವು. ಆಗ ಅಲ್ಲಿ ಜಲ್ಲಿಕಲ್ಲು, ಮುಳ್ಳುಮರ, ಬಿಸಿಲು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ದಿವಾಕರ ಬಿಳಿ ಅಂಗಿ ತೊಟ್ಟು, ಕಸೂತಿ ಹಾಕಿದ ಒಮಾನಿ ಕುಮ್ಮಾ ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಒಂದು ಸಣ್ಣ ದಿಬ್ಬದ ಮೇಲೆ ನಿಂತ. ಫೋಟೋಕ್ಕೆ ನಿಂತ ಮನುಷ್ಯನಿಗೆ ತನಗೆ ಎರಡು ಕೈಗಳಿವೆ ಎಂಬುದು ಅದೇ ಮೊದಲ ಸಲ ಗೊತ್ತಾಗುತ್ತದೆ. ಅವನ ಪರದಾಟ ನೋಡಲಾರದೆ, ಜಲ್ಲಿಯಲ್ಲಿ ಕಾಲು ನಿಲ್ಲದೆ ಬರಿದೇ ಹೊತ್ತು ತಂದಂತಾಗಿದ್ದ ನನ್ನ ಮೂರು ಕಾಲಿನ ಟ್ರೈಪಾಡನ್ನು ಮಡಚಿ ಅವನ ಕೈಗೆ ಕೊಟ್ಟೆ; ಅವನು ಅದನ್ನು ಕೋಲಿನ ಹಾಗೆ ಊರಿಕೊಂಡು ನಿಂತ. ಅವನನ್ನು ಎತ್ತರವಾಗಿ ತೋರಿಸುವ ಉದ್ದೇಶದಿಂದ ನಾನು ದಿಬ್ಬದ ಕೆಳಗೆ ದೂರದಲ್ಲಿ ನೆಲದ ಮೇಲೆ ಕುಳಿತು, ಲೆನ್ಸನ್ನು ಮೇಲ್ಮುಖವಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದೆ.

ಇಲ್ಲಿಂದ ಮುಂದೆ ನಿಧಾನವಾಗಿ ಹೇಳಬೇಕು. ಬಳೆಯನ್ನು ನಾನು ಇಟ್ಟದ್ದು ಅಗಲ ನೋಟಕ್ಕೆ. ದಿವಾಕರನ ಪಕ್ಕದಲ್ಲಿ ನಾವು ಬಂದಿದ್ದ ಕಾರೂ ಕಾಣಲಿ, ಹುಡುಗಿಯ ಕಡೆಯವರು ಏನು ಬೇಕಾದರೂ ತಿಳಿದುಕೊಳ್ಳಲಿ ಎಂಬ ಉಪಾಯ. ಅವನಿಗೆ 'ಗಲ್ಲ ಎತ್ತು' ಎಂದು ಕೈಸನ್ನೆ ಮಾಡಲು ಬಳೆಯಿಂದ ಕೈ ತೆಗೆದೆ. ಬಳೆ ಜಾರತೊಡಗಿತು. ಈ ಲೆನ್ಸಿನ ಬಳೆ ನಮ್ಮ ಕಡೆಗೆ ಸರಿದಷ್ಟೂ ದೂರದ್ದು ಹತ್ತಿರ ಬರುತ್ತದೆ. ನೋಡನೋಡುತ್ತಿದ್ದಂತೆ ಕಾರು ಚೌಕಟ್ಟಿನಿಂದ ಹೊರಗೆ ಹೋಯಿತು. ದಿವಾಕರ ಕ್ಷಣಕ್ಷಣಕ್ಕೂ ದೊಡ್ಡವನಾಗುತ್ತಾ ಬಂದ. ನಾನು ಕಲೆಯ ಆವೇಶದಲ್ಲಿದ್ದೆ. ಅವನ ವ್ಯಕ್ತಿತ್ವವೇ ಅರಳುತ್ತಿದೆ ಎಂದುಕೊಂಡೆ. ಅವನ ಹಿಂದೆ ಮಸುಕು ಮಸುಕಾಗಿ ಕಂದು ಬಣ್ಣದ ಕೆಲವು ಗುಡ್ಡಗಳು ಕಂಡವು. ಮೊದಲು ಅಲ್ಲಿ ಗುಡ್ಡಗಳಿರಲಿಲ್ಲವಲ್ಲ ಎಂದು ಅನ್ನಿಸಿದ್ದು ಸತ್ಯ. ಆದರೆ ಒಮಾನಿನಲ್ಲಿ ಗುಡ್ಡಕ್ಕೆ ಬರಗಾಲವೇ? ಕ್ಲಿಕ್ಕಿಸಿದೆ. ಸಾಮಾನು ಕಟ್ಟುವಾಗ ದಿವಾಕರ ಆಚೆಗಿನ ಮುಳ್ಳುಮರಗಳ ಕಡೆ ನೋಡಿ, "ಅಣ್ಣ, ಒಂಟೆ" ಎಂದ. "ಹೌದು" ಎಂದೆ. ಒಂಟೆಗಳ ವಿಷಯದಲ್ಲಿ ಅಂದು ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಇಷ್ಟೇ.

ಫೋಟೋ ತೊಳೆದು ಬಂದಾಗ ಗುಡ್ಡಗಳಿಗೆ ಕಾಲುಗಳಿದ್ದವು. ಒಂದು ದೊಡ್ಡ ಒಂಟೆ ದಿವಾಕರನ ಭುಜದ ಹಿಂದಿನಿಂದ ಕುತ್ತಿಗೆ ಚಾಚಿ ಅವನ ಟೊಪ್ಪಿಯನ್ನು ವಾತ್ಸಲ್ಯದಿಂದ ಮೂಸುತ್ತಿತ್ತು. ಉಳಿದವು ಅಪ್ಪಣೆಗಾಗಿ ಕಾದಿರುವ ಹಾಗೆ ಎರಡೂ ಬದಿಯಲ್ಲಿ ನಿಂತಿದ್ದವು. ನಾವೇನೋ ಗಾಬರಿಯಾದೆವೆಂದು ನೀವು ತಿಳಿಯಬಹುದು. ಇಲ್ಲ, ಹಿಗ್ಗಿದೆವು! ರೂವಿಯಲ್ಲಿ ನೋಡಿದವರೆಲ್ಲ ಭೇಷ್ ಎಂದರು. ಗಲ್ಫ್ ಎಂದ ಮೇಲೆ ಒಂದು ಒಂಟೆಯಾದರೂ ಬೇಡವೇ? ಟೈಪಿಸ್ಟನ ಹಿಂದೆ ಒಂಟೆ ಸುಮ್ಮನೆ ಶೋಭೆಗೆ ನಿಂತಿದೆ ಎಂಬುದು ಮಸ್ಕತ್ತಿನಲ್ಲಿದ್ದ ನಮಗೆ ಎಷ್ಟು ಸ್ವಯಂವೇದ್ಯವಾಗಿತ್ತೆಂದರೆ, ಅದನ್ನು ಬೇರೆ ರೀತಿ ಓದಬಹುದೆಂಬ ಯೋಚನೆಯೇ ಬರಲಿಲ್ಲ. ಊರಿಗೆ ಹೊರಟಿದ್ದವರೊಬ್ಬರ ಕೈಯಲ್ಲಿ ಕಳುಹಿಸಿಬಿಟ್ಟೆವು.

ಉತ್ತರ ಕ್ಯಾಸೆಟ್ಟಿನಲ್ಲಿ ಬಂತು. ಆ ಕಾಲದಲ್ಲಿ ನಮ್ಮ ಮನೆಗಳ ಸುದ್ದಿಯೆಲ್ಲ ಕ್ಯಾಸೆಟ್ಟಿನಲ್ಲೇ. ರಜೆ ಮುಗಿಸಿ ಬರುವವರ ಚೀಲದಲ್ಲಿ ಹಪ್ಪಳ, ಮಾವಿನ ಮಿಡಿ ಇವುಗಳ ನಡುವೆ ಅಮ್ಮಂದಿರ ಧ್ವನಿಯೂ ಬರುತ್ತಿತ್ತು. ದಿವಾಕರ ಟೇಪ್‌ರೆಕಾರ್ಡರ್ ಹಾಕಿದ. ಮೊದಲು ಒಂದು ಹುಂಜ ಕೂಗಿತು. ಆಮೇಲೆ ಅವನ ಅಮ್ಮ:

"ಮಗ, ನೀನು ಹೊಟ್ಟೆ ತುಂಬ ಊಟ ಮಾಡ್ತೀಯಾ? ಒಂಟೆಗೆ ಹಾಕಿ ಉಳಿದದ್ದು ನಿನಗೆ ಕೊಡುದಾ? ನಾಚಿಕೆ ಮಾಡ್ಬೇಡ, ಹೇಳು. ನಮಗೂ ದನ ಉಂಟು, ಮೇಯಿಸಿದ್ರೆ ಮರ್ಯಾದೆ ಹೋಗುದಿಲ್ಲ. ಆದ್ರೆ ಆಫೀಸ್ ಅಂತ ಯಾಕೆ ಹೇಳಿದ್ದು? ಮುಲ್ಕಿಯವರು ಬಂದಿದ್ರು. ಕೈಯಲ್ಲಿ ಕೋಲು ಉಂಟು, ತಲೆಗೆ ಅಲ್ಲಿಯವರ ಟೊಪ್ಪಿ ಉಂಟು, ದಿನಾ ಮೇವು ಹಾಕದವನ ತಲೆಯನ್ನು ಯಾವ ಪ್ರಾಣಿಯಾದ್ರೂ ಹಾಗೆ ಮೂಸ್ತದಾ ಅಂತ ಕೇಳಿದ್ರು. ನಾನು ಎಂತ ಹೇಳುದು?"

ಹುಂಜ ಮತ್ತೊಮ್ಮೆ ಕೂಗಿತು. ದಿವಾಕರ ಗೋಡೆಗೆ ಒರಗಿ ಕುಳಿತ. ಆಗ ಊರಿನಲ್ಲಿ ಎಲ್ಲರಿಗೂ ಇದ್ದ ಒಂದು ಭಯ ನಮಗೂ ಗೊತ್ತಿದ್ದದ್ದೇ: ಆಫೀಸಿನ ಕೆಲಸವೆಂದು ಹೇಳಿ ಕರೆದೊಯ್ದು ಮರುಭೂಮಿಯಲ್ಲಿ ಆಡು ಒಂಟೆ ಕಾಯಲು ಬಿಡುತ್ತಾರಂತೆ ಎಂದು. ಆ ಭಯಕ್ಕೆ ಒಂದು ಮುಖ ಬೇಕಾಗಿತ್ತು. ನಾನು ಬಣ್ಣದಲ್ಲಿ ತೆಗೆದು ಕೊಟ್ಟಿದ್ದೆ.

ಕಂಪನಿಯಿಂದ ಸರ್ಟಿಫಿಕೇಟು ಕಳುಹಿಸಿದೆವು. ಹುಡುಗಿಯ ತಂದೆ ಅದನ್ನು ಓದಿ, "ಟೈಪ್ ಮಾಡಿದ್ದು ಅವನೇ ಅಲ್ವಾ?" ಎಂದರಂತೆ. ಮಾತು ನಿಜವಾಗಿತ್ತು. ಕೊನೆಗೆ ನಮ್ಮ ಕಡೆಯ ಸಂಪ್ರದಾಯದಂತೆ ಪ್ರಕರಣ ಹುಡುಗಿಯ ಸೋದರಮಾವನ ಪೀಠಕ್ಕೆ ಹೋಯಿತು. ಮಾವ ಒಪ್ಪದೆ ಸೊಸೆಯ ಮದುವೆಯಿಲ್ಲ. ದೈವಯೋಗವೋ ದುರ್ದೈವವೋ, ಆ ಮಾವ ಇದ್ದದ್ದು ಒಮಾನಿನಲ್ಲೇ, ಸೂರ್‌ನಲ್ಲಿ. ಮೀನಿನ ಕೋಲ್ಡ್ ಸ್ಟೋರೇಜಿನ ಸೂಪರ್‌ವೈಸರ್ ತ್ಯಾಂಪಣ್ಣ. ಊರಿನಿಂದ ಫೋಟೋ ತರಿಸಿಕೊಂಡು ಒಂದು ಶುಕ್ರವಾರ ಪಿಕಪ್ ಓಡಿಸಿಕೊಂಡು ಬಂದೇಬಿಟ್ಟರು. ಗಟ್ಟಿ ಆಳು, ತಲೆಯ ಮೇಲೆ ಕಂಪನಿಯ ನೀಲಿ ಟೊಪ್ಪಿ, ಮಾತಿನಲ್ಲಿ ಮೀನು ಸೀಳುವ ಕತ್ತಿಯ ನೇರ. ಆಫೀಸಿಗೆ ಶುಕ್ರವಾರ ಬೀಗ. ತೆರೆದಿದ್ದರೂ ಪ್ರಯೋಜನವಿರಲಿಲ್ಲ, ಯಾಕೆಂದರೆ ಅವರ ಸಂಶಯ ದಿವಾಕರನ ಕಫೀಲನವರೆಗೆ, ಎಂದರೆ ವೀಸಾ ಕೊಟ್ಟ ಅರಬಿ ಧಣಿಯವರೆಗೆ, ಬೆಳೆದುಬಿಟ್ಟಿತ್ತು. "ಆಫೀಸೂ ಇರಬಹುದು, ಒಂಟೆಯೂ ಇರಬಹುದು. ಬೆಳಿಗ್ಗೆ ಕಫೀಲನ ಟೈಪು, ಸಂಜೆ ಕಫೀಲನ ಒಂಟೆ. ನಾನು ಕಾಣದ ಗಲ್ಫಾ?"

ದಿವಾಕರ ನನ್ನ ಕಡೆ ತಿರುಗಿ, ಅಳು ಬರುವ ಧ್ವನಿಯಲ್ಲಿ, "ಅಣ್ಣ, ಒಂಟೆಯನ್ನು ನನ್ನ ಹತ್ತಿರ ತಂದದ್ದು ನೀವು. ನೀವೇ ದೂರ ಮಾಡಿ ಕೊಡಿ" ಎಂದ. ತ್ಯಾಂಪಣ್ಣ ಫೋಟೋವನ್ನು ಮೇಜಿನ ಮೇಲಿಟ್ಟು ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ತೆಗೆದದ್ದು ನೀವಾ?"

"ಹೌದು."

"ತೆಗೆಯುವಾಗ ಒಂಟೆ ನೋಡಿದ್ದೀರಾ?"

"ಇಲ್ಲ."

"ನೋಡದೆ ಒಂಟೆಯ ಫೋಟೋ ತೆಗೆದದ್ದು ಹೇಗೆ?"

"ಒಂಟೆಯದ್ದಲ್ಲ, ದಿವಾಕರನದ್ದು."

"ದಿವಾಕರನ ತಲೆ ನೋಡಿದ್ದೀರಾ?"

"ನೋಡಿದ್ದೇನೆ."

"ತಲೆಗೆ ತಾಗಿ ಒಂಟೆಯ ಮೂತಿ ಉಂಟಲ್ಲ, ಅದೊಂದನ್ನು ಮಾತ್ರ ನೋಡ್ಲಿಲ್ಲ!"

"ಗುಡ್ಡ ಅಂತ ಗ್ರಹಿಸಿದೆ."

"ಗುಡ್ಡಕ್ಕೆ ಕಣ್ಣು ಉಂಟಾ ಮಾರಾಯ್ರೆ?"

ನಾನು ಫೋಟೋ ನೋಡಿದೆ. ಗುಡ್ಡಕ್ಕೆ ಕಣ್ಣಿತ್ತು; ರೆಪ್ಪೆಯೂ ಇತ್ತು. ಲೆನ್ಸಿನ ಬಗ್ಗೆ ವಿವರಿಸಲು ಹೊರಟೆ. ಬಳೆ ಜಾರುವುದರವರೆಗೆ ಹೇಳಿ ನಿಂತೆ. ನೋಡುವಾಗ ಮಸುಕಾಗಿದ್ದದ್ದು ಫೋಟೋದಲ್ಲಿ ಹೇಗೆ ಸ್ಪಷ್ಟವಾಯಿತೆಂಬುದು ನನಗೇ ತಿಳಿದಿರಲಿಲ್ಲ. ಉಳಿದದ್ದು ಒಂದೇ ದಾರಿ. "ಸ್ಥಳಕ್ಕೆ ಹೋಗುವ" ಎಂದೆ. "ಯಲ್ಲಾ" ಎಂದು ತ್ಯಾಂಪಣ್ಣ ಎದ್ದರು.

ಅಲ್ ಮಬೇಲಾದಲ್ಲಿ ಅಂದು ಕಣ್ಣು ಹಾಯುವಷ್ಟು ದೂರ ಒಂದೇ ಒಂದು ಒಂಟೆಯಿರಲಿಲ್ಲ. ಕರೆಯದಿದ್ದಾಗ ಬಂದು ನಿಲ್ಲುವುದು, ಸಾಕ್ಷಿಗೆ ಬೇಕಾದಾಗ ತಲೆಮರೆಸಿಕೊಳ್ಳುವುದು. ಈ ಗುಣ ಮನುಷ್ಯರಲ್ಲಿ ಮಾತ್ರ ಎಂದುಕೊಂಡಿದ್ದೆ. ಒಂಟೆಯ ಸ್ಥಾನಕ್ಕೆ ತ್ಯಾಂಪಣ್ಣನ ಬಿಳಿ ಪಿಕಪ್ಪನ್ನೇ ದೂರದ ಮುಳ್ಳುಮರದ ಬಳಿ ನಿಲ್ಲಿಸಿದೆವು. ದಿವಾಕರ ಟೊಪ್ಪಿ ಹಾಕಿ, ಟ್ರೈಪಾಡು ಊರಿ, ಹಿಂದಿನದೇ ದಿಬ್ಬದ ಮೇಲೆ ನಿಂತ. ನಾನು ಕುಳಿತಿದ್ದ ಜಾಗದಲ್ಲಿ ತ್ಯಾಂಪಣ್ಣನನ್ನು ಕೂರಿಸಿ, ಕ್ಯಾಮೆರಾದ ಪಟ್ಟಿಯನ್ನು ಅವರ ಕೊರಳಿಗೆ ಹಾಕಿ, ಒಂದು ಕಣ್ಣು ಮುಚ್ಚಲು ಹೇಳಿ, ಬಳೆಯಿಂದ ಕೈ ತೆಗೆದೆ. ಬಳೆ ತನ್ನ ಎಂದಿನ ಗಾಂಭೀರ್ಯದಲ್ಲಿ ಅವರ ಮೂಗಿನ ಕಡೆಗೆ ಜಾರತೊಡಗಿತು.

"ಬರ್ತಾ ಉಂಟು... ಹುಡುಗ ಹತ್ತಿರ ಬರ್ತಾ ಇದ್ದಾನೆ... ಹಿಂದೆ ಬಿಳಿ ಎಂತದು..." ಎನ್ನುತ್ತಿದ್ದವರು ಇದ್ದಕ್ಕಿದ್ದಂತೆ ಚೀರಿದರು. "ಅಯ್ಯಯ್ಯೋ, ಗಾಡಿ! ಗಾಡಿ ಜಾರ್ತಾ ಉಂಟು! ಬ್ರೇಕ್ ಹಾಕಿಲ್ಲ! ದಿವಾಕರಾ, ಓಡು, ಓಡು ಮಾರಾಯ!"

ಹೇಳಿದವರೇ ಮೊದಲು ಓಡಿದರು, ನನ್ನ ಕ್ಯಾಮೆರಾ ಕೊರಳಲ್ಲಿ ಗಂಟೆಯಂತೆ ಹೊಡೆದುಕೊಳ್ಳುತ್ತಿದ್ದಂತೆ. ದಿವಾಕರ ಯಾಕೆಂದು ಕೇಳದೆ ಟ್ರೈಪಾಡು ಬಿಸಾಡಿ ಇನ್ನೊಂದು ದಿಕ್ಕಿಗೆ ಓಡಿದ. ಭಾವೀ ಮಾವ ಓಡು ಎಂದಾಗ ಕಾರಣ ಕೇಳುವುದು ಸಭ್ಯತೆಯಲ್ಲ. ತ್ಯಾಂಪಣ್ಣ ದಿಬ್ಬವೇರಿ ಗಕ್ಕನೆ ನಿಂತರು. ಪಿಕಪ್ಪು ದೂರದ ಮುಳ್ಳುಮರದ ಬುಡದಲ್ಲಿ, ಬಿಟ್ಟ ಜಾಗದಲ್ಲಿಯೇ, ಏನೂ ಅರಿಯದ ಕೂಸಿನ ಹಾಗೆ ನಿಂತಿತ್ತು. ಅವರು ಗಾಡಿಯನ್ನು ನೋಡಿದರು, ಲೆನ್ಸನ್ನು ನೋಡಿದರು, ನನ್ನನ್ನು ನೋಡಿದರು. ಅವರು ನಗುತ್ತಾರೋ ಹೊಡೆಯುತ್ತಾರೋ ತಿಳಿಯಲಿಲ್ಲ. ಏನೂ ಮಾಡದೆ ಇಳಿದು ಬಂದು ಮತ್ತೆ ಕುಳಿತರು.

ಈ ಸಲ ಅವರೇ ತಮ್ಮ ರೀತಿಯಲ್ಲಿ ತನಿಖೆ ನಡೆಸಿದರು. ಒಂದು ಕಣ್ಣು ತೆರೆದು, ಇನ್ನೊಂದು ಮುಚ್ಚಿ. ಅದನ್ನು ತೆರೆದು, ಇದನ್ನು ಮುಚ್ಚಿ. "ಇದರಲ್ಲಿ ಗಾಡಿ ಹತ್ತಿರ... ಇದರಲ್ಲಿ ದೂರ... ಹತ್ತಿರ... ದೂರ..." ಹೀಗೆ ಬಹಳ ಹೊತ್ತು, ಮಗುವೊಂದು ದೀಪದ ಸ್ವಿಚ್ಚಿನ ಜೊತೆ ಆಡುವ ಹಾಗೆ. ಆಟದ ನಡುವೆ ಅವರ ದಪ್ಪ ಬೆರಳು ಕ್ಯಾಮೆರಾದ ಮೂಲೆಯಲ್ಲಿದ್ದ ಒಂದು ಸಣ್ಣ ಗುಂಡಿಯನ್ನು ಒತ್ತಿತು. "ಎಂತ ಇದು, ಕತ್ತಲೆ ಆಯ್ತು! ಆದ್ರೆ ಗಾಡಿ ಕ್ಲಿಯರ್ ಆಯ್ತು. ನಂಬರ್ ಸಹ ಓದ್ಲಿಕ್ಕೆ ಆಗ್ತದೆ!"

ನಾನು ಕಸಿದು ನೋಡಿದೆ. ನೋಡುವಾಗ ನಮಗೆ ಬೆಳಕು ಸಾಲಲೆಂದು ಲೆನ್ಸಿನ ಎಸಳುಗಳು ಪೂರ್ತಿ ತೆರೆದಿರುತ್ತವೆ; ಆಗ ಹಿಂದಿನದೆಲ್ಲ ಮಸುಕು. ಚಿತ್ರ ತೆಗೆಯುವ ಕ್ಷಣದಲ್ಲಿ ಮಾತ್ರ, ಅಂಥ ಬಿಸಿಲಿಗೆ, ಅವು ಕಿರಿದಾಗಿ ಮುಚ್ಚಿಕೊಳ್ಳುತ್ತವೆ; ಹಿಂದಿನದೂ ತಿಳಿಯಾಗುತ್ತದೆ. ಆ ಕ್ಷಣದ ನೋಟವನ್ನು ಮೊದಲೇ ತೋರಿಸಲೆಂದೇ ಇಟ್ಟಿದ್ದ ಆ ಗುಂಡಿಯನ್ನು ನಾನು ಅಷ್ಟು ದಿನ ಅಲಂಕಾರವೆಂದು ತಿಳಿದಿದ್ದೆ. ಗುಡ್ಡಕ್ಕೆ ಕಾಲು ಬಂದದ್ದು ಹೀಗೆ. ಆ ಬಯಲಿನಲ್ಲಿ ನಾನು ಖುಲಾಸೆಯಾದೆ. ಸಂತೋಷದಲ್ಲಿ ತ್ಯಾಂಪಣ್ಣನ ಕೈ ಕುಲುಕಲು ಹೋದೆ. ಅವರು ಆಗಲೇ ಮತ್ತೆ ಕ್ಯಾಮೆರಾದೊಳಗೆ ಹೊಕ್ಕಿದ್ದರು.

"ಒಂಟೆಯ ವಿಷಯ ಖಲಾಸ್" ಎಂದರು. "ಇನ್ನು ಹುಡುಗನ ಮುಖ ಸರಿಯಾಗಿ ನೋಡುವ. ಟೊಪ್ಪಿ ತೆಗಿ ಮಾರಾಯ, ನೆರಳ್ನಲ್ಲಿ ಕಾಣುದಿಲ್ಲ."

ದಿವಾಕರ ನನ್ನ ಕಡೆ ನೋಡಿದ. ನಾನು ಆಕಾಶದ ಕಡೆ ನೋಡಿದೆ. ಅವನು ಟೊಪ್ಪಿ ತೆಗೆದ. ಎಪ್ಪತ್ತರಿಂದ ಇನ್ನೂರ ಹತ್ತಕ್ಕೆ ಜಾರಿ ನಿಂತ ಲೆನ್ಸಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಆ ತಲೆ ಹೇಗೆ ಕಂಡಿರಬೇಕೆಂಬುದನ್ನು ನಾನು ಊಹಿಸಬಲ್ಲೆನೇ ಹೊರತು ಸಾಕ್ಷಿ ಹೇಳಲಾರೆ. ತ್ಯಾಂಪಣ್ಣ ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಇನ್ನೊಂದು ಕಣ್ಣು ತೆರೆದು ನೋಡಿದರು. ದೂರವಿದ್ದರೂ ಅದೇ.

"ಇದು?" ಎಂದರು.

"ನೀರು" ಎಂದ ದಿವಾಕರ, ಕೇಳಿಸದಷ್ಟು ಮೆಲ್ಲಗೆ.

ತ್ಯಾಂಪಣ್ಣ ಕ್ಯಾಮೆರಾ ಕೆಳಗಿಟ್ಟು, ತಮ್ಮ ನೀಲಿ ಟೊಪ್ಪಿಯನ್ನು ನಿಧಾನವಾಗಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡರು. "ಸೂರ್‌ದೂ ಅದೇ ನೀರು" ಎಂದರು. ಆ ಬಯಲಿನಲ್ಲಿ ಎರಡು ತಲೆಗಳು ಪರಸ್ಪರ ಬೆಳಕು ಚೆಲ್ಲಿಕೊಂಡವು. ಸಂಬಂಧ ಕೂಡಿಬಂತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅವರ ದನಿ ಬದಲಾಯಿತು. "ಇಲ್ಲದ ಒಂಟೆಯನ್ನು ಉಂಟು ಅಂತ ತೋರಿಸಿದ್ದು ಲೆನ್ಸಿನ ತಪ್ಪು. ಇಲ್ಲದ ಕೂದಲನ್ನು ಉಂಟು ಅಂತ ತೋರಿಸಿದ್ದು ಯಾರ ತಪ್ಪು? ನಿಲ್ಲು ಅಲ್ಲಿ. ಈ ಸಲ ಫೋಟೋ ನಾನು ತೆಗೀತೇನೆ. ಹುಡುಗಿ ನೋಡಿ ಹೇಳ್ಲಿ."

ಅವರು ತೆಗೆದ ಚಿತ್ರಗಳಲ್ಲಿ ಕೆಲವು ಬರೀ ಆಕಾಶ. ಒಂದರಲ್ಲಿ ಅರ್ಧ ಹಣೆ. ಒಂದು ಮಾತ್ರ ಸರಿ ಬಂದಿತ್ತು: ಬರಿದಲೆಯ ದಿವಾಕರ, ಪರೀಕ್ಷೆಯ ಫಲಿತಾಂಶ ಕೇಳಲು ನಿಂತವನ ಮುಖ. ಅದು ಊರಿಗೆ ಹೋಯಿತು.

ಕಾಯುವ ದಿನಗಳಲ್ಲಿ ದಿವಾಕರ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತ. ಸಪ್ಪೆ ಸಾರು ಉಣ್ಣುತ್ತಾ ನಾನು ಲೆನ್ಸಿನ ಬಗ್ಗೆ ಯೋಚಿಸುತ್ತಿದ್ದೆ. ದೂರದ್ದನ್ನು ಹತ್ತಿರ ತರುತ್ತದೆಂದು ಅದರ ಖ್ಯಾತಿ. ನಿಜವಾಗಿ ಅದು ಏನನ್ನೂ ತರುವುದಿಲ್ಲ. ಒಂಟೆ ಒಂಟೆಯ ಜಾಗದಲ್ಲೇ ಇರುತ್ತದೆ, ಮನುಷ್ಯ ಮನುಷ್ಯನ ಜಾಗದಲ್ಲೇ. ನಡುವಿನ ನೆಲವನ್ನು ಮಾತ್ರ ಕಾಣದಂತೆ ಮಾಡುತ್ತದೆ. ನಾವು ಕ್ಯಾಸೆಟ್ಟು ಹಾಕಿ ಕುಳಿತಾಗಲೂ ಅಷ್ಟೇ. ಅಮ್ಮನ ಧ್ವನಿ, ಬಾವಿಯ ರಾಟೆ, ಹುಂಜ ಎಲ್ಲವೂ ಕಿವಿಗೆ ತಾಗಿ ನಿಲ್ಲುತ್ತವೆ. ನಡುವಿನ ಸಮುದ್ರ ಎಲ್ಲಿ ಹೋಯಿತೆಂದು ಟೇಪು ಮುಗಿದ ಮೇಲೆಯೇ ಹುಡುಕುವುದು. ಊರಿನವರು ನೋಡಿದ್ದೂ ಹಾಗೆಯೇ. ಮಗ, ಮರುಭೂಮಿ, ಕಫೀಲ, ಒಂಟೆ ಎಲ್ಲ ಒಂದೇ ಚೌಕಟ್ಟಿನಲ್ಲಿ ಒತ್ತೊತ್ತಾಗಿ. ಅವರನ್ನು ನಾನು ಹೇಗೆ ದೂರಲಿ? ನಾನಾದರೂ ಕಣ್ಣಿದ್ದ ಒಂಟೆಯನ್ನು ಗುಡ್ಡವೆಂದವನು.

ಕ್ಯಾಸೆಟ್ಟು ಬಂತು. ಹುಡುಗಿಯ ತಂದೆ ಬಹಳ ವಿಧಿವತ್ತಾಗಿ, ಗಂಟಲು ಸರಿಮಾಡಿಕೊಂಡು, ಒಪ್ಪಿಗೆ ತಿಳಿಸಿದ್ದರು. ಆಮೇಲೆ ಒಂದು 'ಟಕ್'. ಟೇಪು ಮುಗಿಯಿತೆಂದು ದಿವಾಕರ ಕೈ ಚಾಚುವಷ್ಟರಲ್ಲಿ ಒಂದು ಹೆಣ್ಣು ಧ್ವನಿ, ಯಾರಿಗೂ ಕೇಳಿಸದಿರಲೆಂದು ಬಾಯಿ ಹತ್ತಿರವಿಟ್ಟು ಮಾತಾಡಿದ ಹಾಗೆ:

"ಟೊಪ್ಪಿ ಇಲ್ಲದಿದ್ರೆ ಅಡ್ಡಿ ಇಲ್ಲ. ಆದ್ರೆ ಒಂಟೆ ನಿಜವಾಗಿಯೂ ಇಲ್ವಾ?"

ದಿವಾಕರ ಅದನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿದ, ಟೇಪು ಸಡಿಲಾಗಿ ಅವಳ ಧ್ವನಿ ತ್ಯಾಂಪಣ್ಣನ ಧ್ವನಿಯಾಗುವವರೆಗೆ.

ಮದುವೆಯಾಗಿ ಶಶಿಕಲಾ ಮಸ್ಕತ್ತಿಗೆ ಬಂದ ಮೇಲೆ ಅವಳ ಮೊದಲ ಬೇಡಿಕೆ ಒಂಟೆಯ ಜೊತೆ ಒಂದು ಫೋಟೋ. ಮತ್ತೆ ಅಲ್ ಮಬೇಲಾ, ಮತ್ತೆ ಶುಕ್ರವಾರ, ಮತ್ತೆ ಅದೇ ಲೆನ್ಸು. ಈ ಸಲ ಒಂಟೆಯೂ ಬಂತು, ಹತ್ತಿರಕ್ಕೇ ಬಂತು. ಶಶಿಕಲಾ ಸೆರಗು ಸಿಕ್ಕಿಸಿ ದಿಬ್ಬದ ಮೇಲೆ ನಿಂತು, ದನದ ಕೊಟ್ಟಿಗೆ ಕಂಡವರ ಧೈರ್ಯದಿಂದ ಅದರ ಕುತ್ತಿಗೆಯ ಪಕ್ಕದಲ್ಲಿ ನಕ್ಕಳು. ಈ ಲೆನ್ಸಿಗೆ ಹತ್ತಿರದ್ದು ಹಿಡಿಸುವುದಿಲ್ಲ. ನಾನು ಹಿಂದೆ ಹಿಂದೆ ನಡೆದು, ಕೆಳಗೆ ಕುಳಿತು, ಒಂದು ಕಣ್ಣು ಮುಚ್ಚಿದೆ. ಬಳೆ ಜಾರಿತು. ಚೌಕಟ್ಟಿನಲ್ಲಿ ಶಶಿಕಲಾ, ಒಂಟೆ, ಅವರಿಬ್ಬರ ನಡುವೆ ಅವಳ ಭುಜಕ್ಕೆ ತಾಗಿ ದಿವಾಕರ. ಎಂಥ ಧೀರ! ಕಲಿತ ಪಾಠದಂತೆ ಇನ್ನೊಂದು ಕಣ್ಣು ತೆರೆದೆ. ದಿವಾಕರ ಬಹಳ ಹಿಂದೆ, ಮುಳ್ಳುಮರದ ಬುಡದಲ್ಲಿ, ಓಡಲು ಅನುಕೂಲವಾಗುವಂತೆ ಒಂದು ಕಾಲನ್ನು ಹಿಂದಿಟ್ಟು ನಿಂತಿದ್ದ.

ಆ ಫೋಟೋ ಅವರ ಮನೆಯ ಗೋಡೆಯ ಮೇಲೆ ತೂಗುತ್ತಿತ್ತು. ಬಂದವರಿಗೆಲ್ಲ ಶಶಿಕಲಾ, "ಒಂಟೆ ಬಂದಾಗ ಇವರು ನನ್ನ ಬೆನ್ನ ಹಿಂದೆಯೇ ಇದ್ರು" ಎನ್ನುತ್ತಿದ್ದಳು. ಅವಳು ಅಂದು ತಿರುಗಿ ನೋಡಿರಲಿಲ್ಲ. ಅಥವಾ ನೋಡಿದ್ದಳೇನೋ, ಹೇಳಲಾರೆ. ದಿವಾಕರ ಆಗ ನನ್ನ ಕಡೆ ನೋಡುತ್ತಿದ್ದ. ನನ್ನನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ.

ಬಳೆಯ ಸುತ್ತ ಒಂದು ಪಟ್ಟಿ ಅಂಟಿಸಿದರೆ ಜಾರುವುದು ನಿಲ್ಲುತ್ತದೆಂದು ತಿಳಿದವರು ಹೇಳುತ್ತಾರೆ. ಅಂಟಿಸಿಲ್ಲ. ಶಶಿಕಲಾ ಒಂಟೆಯ ಪಕ್ಕದಲ್ಲಿ ನಿಂತು ನಕ್ಕ ಅಂದು, ಆ ದಿಬ್ಬದ ಕೆಳಗೆ, ಬಳೆ ತನ್ನ ಕೊನೆಯವರೆಗೆ ಜಾರಿ ಮೂಗಿನ ಹತ್ತಿರ ಬಂದು ನಿಂತಾಗ, ನಾನು ಅದನ್ನು ಹಿಂದಕ್ಕೆ ತಳ್ಳಲಿಲ್ಲ. ತೆರೆದಿದ್ದ ಇನ್ನೊಂದು ಕಣ್ಣನ್ನು ಮೆಲ್ಲನೆ ಮುಚ್ಚಿಕೊಂಡು ಕ್ಲಿಕ್ಕಿಸಿದೆ.